ದೃಷ್ಟಿ ಕುಂಬಳಕಾಯಿ

ಖೋ ಖೋ ಆಡುವ ಹುಡುಗಿ ಊರುಗೋಲನ್ನು ಮೇಜಿಗೆ ಒರಗಿಸಿ ಕೂತಳು. ಡಾಕ್ಟರು ಅವಳ ಮೊಣಕಾಲಿನ ಸ್ಕ್ಯಾನನ್ನು ಬೆಳಕಿಗೆ ಹಿಡಿದರು.

“ಲಿಗಮೆಂಟ್ ಪೂರ್ತಿ ಹರಿದಿದೆ. ಹೊಸದು ಕೂರಿಸ್ಬೇಕು. ಮೂಳೇಲಿ ಎಲ್ಲಿ ತೂತು ಕೊರೀಬೇಕು ಅಂತ ನಮ್ಮ ರೋಬೋಟ್ ತೋರಿಸುತ್ತೆ. ಕೂದಲೆಳೆಯಷ್ಟೂ ಆಚೀಚೆ ಆಗಲ್ಲ.”

“ಮತ್ತೆ ಆಡ್ತೀನಾ ಸರ್?”

“ಆಡ್ತೀಯಮ್ಮ. ಹೇಗೆ ಬಿದ್ದೆ?”

“ಸ್ಕೂಟರಲ್ಲಿ ಬರ್ತಿದ್ದೆ. ದೃಷ್ಟಿ ತೆಗೆದು ರಸ್ತೇಲೇ ಬೂದುಗುಂಬಳಕಾಯಿ ಒಡೆದಿದ್ರು. ಚಕ್ರ ಜಾರ್ತು.”

ಡಾಕ್ಟರಿಗೆ ಸಿಟ್ಟು ಬಂತು.

“ವಿಜ್ಞಾನ ಎಲ್ಲಿಗೆ ಬಂದಿದೆ, ಇವರು ಇನ್ನೂ ಕುಂಬಳಕಾಯಿ ಒಡೀತಾ ಕೂತಿದಾರೆ! ಇಂಥೋರನ್ನ ಹಿಡಿದು ಒಳಗೆ ಹಾಕ್ಬೇಕು. ಪೊಲೀಸರಿಗೆ ನಾನೇ ಹೇಳ್ತೀನಿ. ಎಲ್ಲಿ ಬಿದ್ದಿದ್ದು?”

ಹುಡುಗಿ ತಲೆಯೆತ್ತಿ ನೋಡಿದಳು. ಡಾಕ್ಟರ ಬೆನ್ನ ಹಿಂದಿನ ಗೋಡೆಯಲ್ಲಿ ಒಂದು ಫೋಟೋ ಇತ್ತು. ಆಸ್ಪತ್ರೆಗೆ ಹೊಸದಾಗಿ ಬಂದಿಳಿದ ರೋಬೋಟ್, ಅದಕ್ಕೊಂದು ಚೆಂಡುಹೂವಿನ ಹಾರ, ಪಕ್ಕದಲ್ಲಿ ಹಣೆಗೆ ಕುಂಕುಮವಿಟ್ಟುಕೊಂಡು ನಗುತ್ತಿರುವ ಡಾಕ್ಟರು.

“ಹೆದರ್ಬೇಡ, ಹೇಳಮ್ಮ. ಯಾರು ಒಡೆದಿದ್ದು?”

“ಆ ಫೋಟೋ ತೆಗೆದ ದಿನ, ನಿಮ್ಮ ಆಸ್ಪತ್ರೆ ಗೇಟಿನ ಮುಂದೇನೇ ಬಿದ್ದಿದ್ದು ಸರ್. ಕಾಯಿ ಒಡೆದೋರು ನೀವೇ.”