ಒರಟು ಗುಂಡಿ

ಆ ಹುಡುಗಿಗೆ ಕಣ್ಣು ಕಾಣದು, ಮಾತೂ ಬಾರದು. ಟೀಚರ್ ಅವಳಿಗಾಗಿ ಮಾತಿನ ಪೆಟ್ಟಿಗೆಯಲ್ಲಿ ತಮ್ಮ ದನಿಯನ್ನೇ ರೆಕಾರ್ಡ್ ಮಾಡಿಟ್ಟಿದ್ದರು. ನುಣುಪು ಗುಂಡಿ ಒತ್ತಿದರೆ ‘ಬೇಕು’, ಒರಟು ಗುಂಡಿ ಒತ್ತಿದರೆ ‘ಬೇಡ’.

ಪೆಟ್ಟಿಗೆ ಕೊಡಿಸಿದ ದಾನಿ ಫೋಟೋ ತೆಗೆಸಿಕೊಳ್ಳಲು ಬಂದರು.

“ಇವಳಿಗೊಂದು ಕಪ್ಪು ಕನ್ನಡಕ ಹಾಕ್ರೀ ಟೀಚರ್. ನೋಡಿದೋರು ಅಯ್ಯೋ ಪಾಪ ಅನ್ಬೇಕು.”

“ಅವಳಿಗೆ ಅದು ಹಿಡಿಸಲ್ಲ ಸಾರ್...”

“ಬೇರೆ ಮಕ್ಕಳಿಗೂ ಪೆಟ್ಟಿಗೆ ಬೇಕು ಅಂದಿದ್ರಲ್ಲ?”

ದಾನಿ ಚಾಚಿದ ಕನ್ನಡಕವನ್ನು ಟೀಚರ್ ಹುಡುಗಿಗೆ ತೊಡಿಸಿದರು. ದಾನಿ ಕ್ಯಾಮೆರಾ ನೋಡಿ ಹಲ್ಲು ಕಿರಿದರು. ಹುಡುಗಿಯ ಬೆರಳು ತಡಕಾಡಿ ಒರಟು ಗುಂಡಿಯನ್ನು ಒತ್ತಿತು.

“ಬೇಡ!”

ದಾನಿ ಗರ್ರನೆ ತಿರುಗಿದರು. “ಏನ್ರೀ ಟೀಚರ್, ನನಗೇ ಬೇಡ ಅಂತೀರಾ?”

ಟೀಚರ್ ಹುಡುಗಿಯ ಕನ್ನಡಕ ತೆಗೆದರು. “ಹೂಂ ಸಾರ್. ಬೇಡ.”