ರಾಮದುರ್ಗದ ಬಾಯಾರು

“ಇವತ್ತರೆ ಡಾಕ್ಟರ್ ಬಂದಾರೇನವಾ?” ಎಂದು ಸತ್ಯವ್ವ ಕೇಳಿದ್ದು ಡಾಕ್ಟರನ್ನೇ. ಉಮಾಶ್ರೀ ಕೊರಳಿನ ಸ್ಟೆತಸ್ಕೋಪು ತೆಗೆದು ಮೇಜಿನ ಮೇಲೆ ಇಟ್ಟಳು. ಅಷ್ಟೆಲ್ಲ ಓದಿ ಬಂದ ಹುಡುಗಿಗೆ ಸಿಟ್ಟು ಬರಬಾರದೇ? ಬಂತು. ಆದರೆ ಕೇಳಿದವಳು ಪಕ್ಕದ ಮನೆಯ ಚಿಗವ್ವ. ನುಂಗಿಕೊಂಡಳು.

“ಹಂಗಾದ್ರ ನಾ ಯಾರ, ಚಿಗವ್ವಾ?”

“ನೀ ನಮ್ಮ ಉಮಾ. ನಾ ಕೇಳಿದ್ದು ಆ ರಾಮದುರ್ಗದ ಬಾಯಾರನ್ನ.”

ರಾಮದುರ್ಗದ ಲೇಡಿ ಡಾಕ್ಟರು ಮೊದಲೆಲ್ಲ ತಿಂಗಳಿಗೊಮ್ಮೆ ಮುರಗೋಡದ ಆಚೆಯ ಈ ಸಣ್ಣ ದವಾಖಾನೆಗೆ ಬಂದು ಹೋಗುತ್ತಿದ್ದರು. ಖಾಯಂ ಆಗಿ ಬಂದ ಡಾಕ್ಟರುಗಳು ಗಂಟು ಬಿಚ್ಚುವ ಮೊದಲೇ ಟ್ರಾನ್ಸ್‌ಫರ್ ಮಾಡಿಸಿಕೊಂಡು ಓಡುತ್ತಿದ್ದರು. ಕೊನೆಗೆ ಮೇಲಿನವರಿಗೆ ಒಂದು ಬುದ್ಧಿ ಹೊಳೆಯಿತು. ಹಳ್ಳಿಯ ಮಕ್ಕಳನ್ನೇ ಆರಿಸಿ, ಕುಟುಂಬ ವೈದ್ಯರ ತರಬೇತಿ ಕೊಟ್ಟು, ಅವರವರ ಊರಿಗೇ ಕಳಿಸುವುದು. ಹಾಗೆ ಹೋದ ದಸರೆಗೆ ಬಂದವಳು ಉಮಾಶ್ರೀ. ಊರಿನವರಾದರೆ ಬಿಟ್ಟು ಓಡುವುದಿಲ್ಲ, ಊರಿನವರ ಮುಂದೆ ಜನ ಏನನ್ನೂ ಮುಚ್ಚಿಡುವುದಿಲ್ಲ ಎಂದು ಕಲಿಸಿದವರು ಹೇಳಿದ್ದರು. ಮೊದಲನೆಯ ಮಾತು ಖರೆಯಾಗಿತ್ತು.

ಅಂದಿನಿಂದ ಸತ್ಯವ್ವ ಸಂತೆಯ ದಿನ ಬಂದು ಬೆಂಚಿನ ಮೇಲೆ ಕೂರುವಳು, ಬಾಯಾರು ಬಂದಿದ್ದಾರೆಯೇ ಎಂದು ಕೇಳುವಳು, ಬಂದಿಲ್ಲವೆಂದರೆ ಎದ್ದು ಹೋಗುವಳು. ಚಿಗವ್ವ ತನ್ನ ಮೇಲಿನ ಅಕ್ಕರೆಗೆ ಬರುತ್ತಾಳೆ ಎಂದು ತಿಳಿದು ಉಮಾಶ್ರೀ ಚಹಾ ತರಿಸುತ್ತಿದ್ದಳು. ಒಮ್ಮೆಯೂ, ನಿನಗೇನಾಗಿದೆ ಎಂದು ಕೇಳಿರಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ದಿನಾ ಕಾಣುವವಳನ್ನು ಯಾರು ಕೇಳುತ್ತಾರೆ?

ಇವತ್ತು ಮಾತ್ರ ಖಡಾಖಂಡಿತ ಹೇಳಿಬಿಟ್ಟಳು. “ಬಾಯಾರು ಇನ್ನ ಬರೂದಿಲ್ಲ ಚಿಗವ್ವಾ. ನಾ ಬಂದೇನಲ್ಲ, ಅದಕ್ಕ ಅವರ ಬರೂದನ್ನ ನಿಲ್ಲಸ್ಯಾರ.”

“ಒಟ್ಟ ಬರೂದಿಲ್ಲ?”

“ಒಟ್ಟ ಬರೂದಿಲ್ಲ.”

ಸತ್ಯವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೈ ಎತ್ತಿದಾಗ ಸೆರಗು ಜಾರಿತು. ಕುಪ್ಪಸದ ಎಡಕ್ಕೆ ಅರಿಸಿನದ ಕಲೆ, ಅದರ ನಡುವೆ ಒದ್ದೆ. ಅರಿಸಿನದ ವಾಸನೆಯ ಜೊತೆ ಇನ್ನೊಂದು ವಾಸನೆಯೂ ಬಂತು. ತರಬೇತಿಯಲ್ಲಿ ಕ್ಯಾನ್ಸರ್ ವಾರ್ಡಿನಲ್ಲಿ ಓಡಾಡಿದ್ದ ಉಮಾಶ್ರೀಗೆ ಅದು ಗೊತ್ತಿತ್ತು.

“ಚಿಗವ್ವಾ, ಒಳಗ ಬಾ.”

“ಬ್ಯಾಡವಾ. ಮನ್ಯಾಗ ಕೆಲಸ ಐತಿ.”

“ಬಾ ಅಂದ್ನೆಲ್ಲಾ!”

ಪರದೆಯ ಹಿಂದೆ ಮಂಚದ ಮೇಲೆ ಮಲಗಿದ ಸತ್ಯವ್ವ ಕುಪ್ಪಸವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. “ನಿನ್ನ ಹಡದಾಗ ನಿಮ್ಮವ್ವ ಇಂದ್ರವ್ವ ಜ್ವರ ಬಂದ ಎಚ್ಚರಿಲ್ಲದ ಮಲಗಿದ್ಲು. ನೀ ಹಸದ ಒಂದ ಸವನ ಅಳತಿದ್ದಿ. ಆಗ ನಿನಗ ಹಾಲ ಕುಡಿಸಿದಾಕಿ ನಾನು. ಅದ ಎದೀನ ನಿನ್ನ ಮುಂದ ಹ್ಯಾಂಗ ಬಿಚ್ಚಿ ತೋರಸ್ಲಿ, ಹೇಳ?”

ಉಮಾಶ್ರೀ ಕೈಗವಸು ಹಾಕಿಕೊಂಡು ಕಾದಳು. ಬಹಳ ಹೊತ್ತಿನ ಮೇಲೆ ಸತ್ಯವ್ವ ಎದೆ ಬಿಚ್ಚಿದಳು. ಸೆರಗನ್ನು ಎಳೆದು ಮುಖದ ಮೇಲೆ ಹಾಕಿಕೊಂಡಳು.

ಗಂಟು ಕಲ್ಲಾಗಿತ್ತು. ಚರ್ಮ ಒಡೆದು ಹುಣ್ಣಾಗಿ, ಮೇಲೆ ಅರಿಸಿನ ಮೆತ್ತಿತ್ತು. ಕಂಕುಳಲ್ಲೂ ಗಂಟುಗಳು. ಉಮಾಶ್ರೀಗೆ ಅಳು ಬಂತು. ತನ್ನ ಓದಿನ ಮೇಲೇ ಹೇಸಿಗೆ ಬಂತು.

“ಯಾವಾಗಿಂದ ಐತಿ ಇದು?”

“ನೀ ಬರೂ ಹೊತ್ತಿಗೆ ಕಡ್ಲಿಕಾಳಿನಷ್ಟ ಇತ್ತು.” ಸೆರಗಿನೊಳಗಿನ ಮಾತು ಆಳದಿಂದ ಬಂದಂತಿತ್ತು. “ಬಾಯಾರು ಬಂದಾಗ ತೋರಸಿದ್ರಾತು ಅಂದ್ಕೊಂಡ್ನಿ.”

“ಬೈಲಹೊಂಗಲಕ್ಕರೆ ಹೋಗಬಾರದಿತ್ತಾ? ಸವದತ್ತಿಗೆ?”

“ಮನ್ಯಾಗ ಏನಂತ ಹೇಳಿ ಹೋಗಲಿ? ಬಾಯಾರಾದ್ರ ಇಲ್ಲೇ ಬರತಿದ್ರು. ನೋಡತಿದ್ರು, ಹೋಗತಿದ್ರು, ಮತ್ತ ಸಿಕ್ಕರ ನನ್ನ ಮಾರಿ ಗುರ್ತ ಸೈತ ಹಿಡೀತಿದ್ದಿಲ್ಲ. ನೀ ಹಂಗಲ್ಲಲ್ಲ. ದಿನಾ ಸಂಜಿಕ ನನ್ನ ಎದುರಿಗೇ ಕುಂದ್ರಾಕಿ.” ಮತ್ತೆ ಕೇಳಿದಳು. “ಗುಳಗಿ ತಗೊಂಡ್ರ ಹೋಗತೈತಿಲ್ಲ?”

“ಬೆಳಗಾವಿಗೆ ಹೋಗೂನು ಚಿಗವ್ವಾ. ನಾನೂ ಬರತೇನಿ ಕೂಡ,” ಎಂದಳು ಉಮಾಶ್ರೀ. ಬೆಳಗಾವಿಯಲ್ಲಿಯೂ ಇನ್ನು ನೋವು ಕಡಿಮೆ ಮಾಡುವುದಷ್ಟೇ ಸಾಧ್ಯ ಎಂಬುದನ್ನು ಹೇಳಲು ಬಾಯಿ ಬರಲಿಲ್ಲ. ಹುಣ್ಣು ತೊಳೆದು ಪಟ್ಟಿ ಕಟ್ಟಿದಳು. ಮುಗಿಯುವವರೆಗೂ ಸತ್ಯವ್ವ ಮುಖದ ಮೇಲಿನ ಸೆರಗು ತೆಗೆಯಲಿಲ್ಲ.

ಆಂಬುಲೆನ್ಸಿಗೆ ಫೋನು ಮಾಡಲು ಉಮಾಶ್ರೀ ಹೊರಗೆ ಬಂದಳು. ಬೆಂಚಿನ ಮೇಲೆ ಹಿಂದಿನ ಓಣಿಯ ಮರೆವ್ವ ಕುಳಿತಿದ್ದಳು. ಸೆರಗಿನೊಳಗೆ ಕೈ ಹಾಕಿ ಕಿಬ್ಬೊಟ್ಟೆ ಒತ್ತಿ ಹಿಡಿದಿದ್ದಳು. ಉಮಾಶ್ರೀಯನ್ನು ಕಂಡದ್ದೇ ಕೈ ತೆಗೆದು, ನಕ್ಕು, ಎದ್ದು ನಿಂತಳು.

“ಏನಿಲ್ಲ ಉಮಾ, ಸುಮ್ಮ ಬಂದಿದ್ನಿ. ಆ ರಾಮದುರ್ಗದ ಬಾಯಾರು ಬಂದಾರೇನ, ಕೇಳಿ ಹೋಗೂನಂತ.”

ಉಮಾಶ್ರೀ ಅವಳ ಕೈಯನ್ನೇ ನೋಡಿದಳು.

“ಬಂದಾರ, ದೊಡ್ಡವ್ವಾ,” ಎಂದಳು. “ಮಾರಿ ಮ್ಯಾಲ ಸೆರಗ ಹಾಕ್ಕೊಂಡ ಒಳಗ ಬಾ.”