ಮೂರು ತಿಂಗಳ ಸಕ್ಕರೆ

ರಕ್ತದಲ್ಲಿನ ಸಕ್ಕರೆಯ ಮೂರು ತಿಂಗಳ ಸರಾಸರಿ ಏಳರ ಒಳಗೆ ಬಂದ ಮೇಲೆಯೇ ಮಗುವಿನ ಮಾತು ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಮೂವತ್ತೈದು ತುಂಬಿದ ಅಕ್ಕನದು ಎರಡು ಸಲವೂ ಎಂಟು ದಾಟಿತ್ತು. ಇನ್ನೂ ಕಾಯುವ ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ಇಂದು ಮೂರನೆಯ ರಿಪೋರ್ಟು. ಮುಂದಿನ ವಾರ ನಿಶ್ಚಿತಾರ್ಥವಿದ್ದ ತಂಗಿ ಪಕ್ಕದಲ್ಲಿ ಕೂತು ಬಾಟಲಿಯ ನೀರು ಕುಡಿಯುತ್ತಿದ್ದಳು.

“ಹನ್ನೊಂದು!” ಡಾಕ್ಟರಮ್ಮ ಕನ್ನಡಕ ತೆಗೆದರು. “ಇನ್ಸುಲಿನ್ ಬಿಟ್ಬಿಟ್ಯೇನಮ್ಮಾ?”

“ಇಲ್ಲ ಮೇಡಂ, ಒಂದು ದಿನಾನೂ ತಪ್ಪಿಸಿಲ್ಲ.”

“ಸಿಹಿ ತಿಂದ್ಯಾ?”

“ದೇವರಾಣೆಗೂ ಇಲ್ಲ.”

“ಹಾಗಾದ್ರೆ ಇದು ಯಾರ ರಕ್ತ?” ಎಂದು ಅವರು ರೇಗಿದರು.

ಅಕ್ಕ ಪಕ್ಕಕ್ಕೆ ತಿರುಗಿದಳು. ತನಗೆ ಯಾವ ಕಾಯಿಲೆಯೂ ಇಲ್ಲವೆಂಬ ಧೈರ್ಯದಲ್ಲಿ ಅಕ್ಕನ ಹೆಸರು ಹೇಳಿ ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದ ತಂಗಿಯ ಕೈಯಲ್ಲಿ ಎರಡನೆಯ ಬಾಟಲಿಯೂ ಖಾಲಿಯಾಗಿತ್ತು.